ಬಿ.ಇ. ಪ್ರಾಜೆಕ್ಟ್‌ಗೆ ಎಂ.ಟೆಕ್ ವಿದ್ಯಾರ್ಥಿಗಳ ನೆರವು: ಯಾವ ಕ್ರಮ ನಮ್ಮ ಕಾಲೇಜಿಗೆ ಹೊಂದುತ್ತದೆ?

ಏಳನೇ ಸೆಮಿಸ್ಟರ್ ಶುರುವಾದ ವಾರ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಹಾಳೆ ಮೇಜಿನಿಂದ ಮೇಜಿಗೆ ಸುತ್ತುತ್ತದೆ. ಎಡಗಡೆ ತಂಡಗಳ ಸಂಖ್ಯೆ, ಬಲಗಡೆ ಗೈಡ್ ಹೆಸರು ಬರೆಯಲು ಖಾಲಿ ಗೆರೆ. ಮೊದಲು ಪೆನ್ನು ತೆಗೆಯುವವರು ಯಾರೂ ಇಲ್ಲ. ತರಗತಿಯಲ್ಲಿ 60 ಮಕ್ಕಳು, ನಾಲ್ವರಂತೆ 15 ತಂಡ, ಗೈಡ್ ಆಗಬಲ್ಲವರು 5 ಜನ. ತಲೆಗೆ ಮೂರು ತಂಡ ಎಂದರೆ ಕಾಗದದ ಮೇಲೆ ಹಗುರವಾಗಿಯೇ ಕಾಣುತ್ತದೆ. ಥಿಯರಿ ತರಗತಿ, ಲ್ಯಾಬ್, ಇಂಟರ್ನಲ್ಸ್ ಪತ್ರಿಕೆ, ಕಾಲೇಜು, ಕೋರ್ಸುಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ನ್ಯಾಕ್ ಮತ್ತು ಎನ್‌ಬಿಎ ಸಂಸ್ಥೆಗಳ ಕಡತ ಎಲ್ಲವೂ ಮುಗಿದ ಮೇಲೆ ಉಳಿಯುವ ಎರಡು ಗಂಟೆಯನ್ನು ಆ ಮೂರು ತಂಡಕ್ಕೆ ಹಂಚಿದರೆ ಒಂದೊಂದಕ್ಕೆ ವಾರಕ್ಕೆ 40 ನಿಮಿಷ ಸಿಗುತ್ತದೆ. ಅದರಲ್ಲಿ ಹತ್ತು ನಿಮಿಷ ಡೈರಿಗೆ ಸಹಿ ಹಾಕುವುದಕ್ಕೇ ಹೋಗುತ್ತದೆ.

ಪ್ರತಿ ವರ್ಷ ಇದೇ ಹೊತ್ತಿಗೆ ಯಾರಾದರೊಬ್ಬರು "ಎಂ.ಟೆಕ್ ಮಕ್ಕಳನ್ನು ಬಳಸಿಕೊಳ್ಳೋಣ" ಎನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಬಳಸಿಕೊಳ್ಳುವುದು ಹೇಗೆ ಎಂಬಲ್ಲಿಗೆ ಮಾತು ಬಂದಾಗ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಚಿತ್ರ. ಒಬ್ಬರಿಗೆ ಸಹಾಯಕ ಗೈಡ್ ಬೇಕು, ಇನ್ನೊಬ್ಬರಿಗೆ ಲ್ಯಾಬ್ ಕಾಯುವವರು ಬೇಕು, ಮತ್ತೊಬ್ಬರಿಗೆ ವರದಿ ತಿದ್ದುವವರು ಸಿಕ್ಕರೆ ಸಾಕು. ಇವು ಒಂದೇ ವ್ಯವಸ್ಥೆಯ ಬೇರೆ ಬೇರೆ ಹೆಸರುಗಳೆಂದು ಭಾವಿಸಿದ್ದರಿಂದಲೇ ನಮ್ಮ ಮೊದಲ ಎರಡು ವರ್ಷದ ಪ್ರಯತ್ನ ನೆಲ ಕಚ್ಚಿತು. ನಾಲ್ಕು ಕ್ರಮಗಳನ್ನು ಹತ್ತಿರದಿಂದ ನೋಡಿದ್ದೇನೆ. ಒಂದರಲ್ಲಿ ನಾನೇ ಎಂ.ಟೆಕ್ ವಿದ್ಯಾರ್ಥಿಯಾಗಿ ಸಿಕ್ಕಿಕೊಂಡಿದ್ದೆ. ಕೊಡಗಿನಂಥ ಜಿಲ್ಲೆಯ ಸಣ್ಣ ಕಾಲೇಜಿಗೆ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದನ್ನು ಪ್ರಾಜೆಕ್ಟ್ ಕೋಆರ್ಡಿನೇಟರ್ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ.

ನಿಯಮದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಗೇಟ್ ಪರೀಕ್ಷೆಯ ಅಂಕದ ಮೇಲೆ ಎಂ.ಟೆಕ್ ಸೇರಿದವರಿಗೆ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ಅದನ್ನು ಪಡೆಯುವವರು ವಾರಕ್ಕೆ 8ರಿಂದ 10 ಗಂಟೆ ಬೋಧನೆ ಮತ್ತು ಸಂಶೋಧನೆಯ ಕೆಲಸಕ್ಕೆ ಒದಗಬೇಕೆಂಬ ಷರತ್ತು ಅದರಲ್ಲೇ ಇದೆ. 2018ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಕೂಡ ಪಿಎಚ್.ಡಿ. ಮಾಡುವವರು ವಾರದಲ್ಲಿ ಸ್ವಲ್ಪ ಹೊತ್ತು ಹತ್ತಿರದ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸಬೇಕೆಂದು ಬಯಸುತ್ತದೆ. ಹಾಗಾಗಿ "ಅವರನ್ನು ಹೀಗೆಲ್ಲ ದುಡಿಸಬಹುದೇ" ಎಂಬ ಸಂಕೋಚಕ್ಕೆ ಕಾರಣವಿಲ್ಲ. ವಿದ್ಯಾರ್ಥಿವೇತನವಿಲ್ಲದೆ, ಸ್ವಂತ ಶುಲ್ಕ ಕಟ್ಟಿ ಓದುವ ಎಂ.ಟೆಕ್ ವಿದ್ಯಾರ್ಥಿಯಿಂದ ಮಾತ್ರ ಪುಕ್ಕಟೆ ದುಡಿಮೆ ಕೇಳಬೇಡಿ. ಗೌರವಧನ ಎಷ್ಟು ಎಂಬುದನ್ನು ಕಾಲೇಜು ಆಡಳಿತದಿಂದ ಮೊದಲು ಬರೆಸಿಕೊಂಡು, ಆಮೇಲೆ ಅವರ ಬಳಿ ಹೋಗಿ.

ಗೈಡ್ ಒಬ್ಬರೇ ಇರುವ ಕ್ರಮ

ಇದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ಎಲ್ಲರೂ ಅದರಲ್ಲೇ ಇದ್ದೇವೆ. ಹೊಣೆ ಯಾರದು ಎಂಬುದು ಸ್ಪಷ್ಟ, ಅಂಕಕ್ಕೆ ಒಬ್ಬರೇ ಉತ್ತರದಾಯಿ. ಗೈಡ್ ತಾವೇ ವರ್ಕ್‌ಶಾಪಿಗೆ ಇಳಿಯುವವರಾದರೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಪದವಿ ಕೋರ್ಸಿಗೆ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಎಂಬ ಎಐಸಿಟಿಇ ಅನುಪಾತ ತರಗತಿಯ ಪಾಠಕ್ಕೆ ಸಾಲಬಹುದು. ವಿನ್ಯಾಸ ಕಲಿಸುವುದಕ್ಕೆ ಸಾಲದು. ವಿನ್ಯಾಸದಲ್ಲಿ ಪ್ರಶ್ನೆಯೇ ವಾರಕ್ಕೊಮ್ಮೆ ಬದಲಾಗುತ್ತದೆ, ಆ ಬದಲಾವಣೆಯ ಹೊತ್ತಿಗೆ ಪಕ್ಕದಲ್ಲಿ ಯಾರಾದರೂ ನಿಂತಿರಬೇಕು. ಗೈಡ್ ಶುಕ್ರವಾರ ಸಿಗುತ್ತಾರೆ, ತಂಡ ಮಂಗಳವಾರವೇ ಸಿಕ್ಕಿಬೀಳುತ್ತದೆ. ಆ ಮೂರು ದಿನದಲ್ಲಿ ಅವರು ಬೆಂಗಳೂರಿನ ಯಾವುದೋ ಅಂಗಡಿಯಿಂದ ಸಿದ್ಧ ಮಾಡೆಲ್ ತರಿಸುವ ಮಾತಿಗೆ ಬಂದಿರುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಗುಟ್ಟು.

ತಂಡಕ್ಕೊಬ್ಬ ಅಣ್ಣ

ಮೊದಲು ಹೊಳೆಯುವುದು ಇದೇ: ಎರಡು ತಂಡಕ್ಕೆ ಒಬ್ಬ ಎಂ.ಟೆಕ್ ವಿದ್ಯಾರ್ಥಿಯನ್ನು ಕೊಟ್ಟುಬಿಡುವುದು. ವರ್ಷಪೂರ್ತಿ ಅವನೇ ಅವರ ಜೊತೆಗಿರುತ್ತಾನೆ. ನಂಟು ಬೆಳೆಯುತ್ತದೆ, ರಾತ್ರಿ ಹತ್ತು ಗಂಟೆಗೂ ವಾಟ್ಸಾಪ್‌ಗೆ ಉತ್ತರ ಬರುತ್ತದೆ. ಗೈಡ್‌ಗಳಿಗೆ ನಿರಾಳ. ನೋಡುವುದಕ್ಕೆ ಬಲು ಚೆಂದ.

ನಾನು ಬಯಲುಸೀಮೆಯ ಒಂದು ಕಾಲೇಜಿನಲ್ಲಿ ಎಂ.ಟೆಕ್ ಓದುವಾಗ ಹೀಗೆ ಒಂದು ತಂಡದ ಅಣ್ಣನಾಗಿದ್ದೆ. ಮೆಕ್ಕೆಜೋಳದ ತೆನೆಯಿಂದ ಕಾಳು ಬಿಡಿಸುವ ಕೈಯಂತ್ರ ಅವರದು. ಮೊದಲ ತಿಂಗಳು ನಾನು ಪ್ರಶ್ನೆ ಕೇಳಿದೆ. ಎರಡನೇ ತಿಂಗಳು ಸಲಹೆ ಕೊಟ್ಟೆ. ಮೂರನೇ ತಿಂಗಳು, ಪರಿಶೀಲನೆಯ ಹಿಂದಿನ ರಾತ್ರಿ, ಅವರ ಶಾಫ್ಟ್ ಅಸಹ್ಯವಾಗಿ ಕಂಡು ನಾನೇ ಕಂಪ್ಯೂಟರಿನ ಮುಂದೆ ಕೂತು ಶಾಫ್ಟ್, ಬೇರಿಂಗ್, ಡ್ರಮ್ಮಿನ ಹಲ್ಲು ಎಲ್ಲವನ್ನೂ ಹೊಸದಾಗಿ ಬಿಡಿಸಿಬಿಟ್ಟೆ. ಚಿತ್ರ ಅಚ್ಚುಕಟ್ಟಾಗಿತ್ತು. ಯಂತ್ರ ಕೂಡ ತಿರುಗಿತು. ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಶಾಫ್ಟನ್ನು ಬೆರಳಿನಿಂದ ಮುಟ್ಟಿ, "ಇದು ಯಾಕೆ 20 ಮಿಲಿಮೀಟರ್? 16 ಸಾಲುತ್ತಿರಲಿಲ್ಲವೇ?" ಎಂದರು. ನಾಲ್ಕು ಮುಖಗಳೂ ಹಿಂದಿನ ಬೆಂಚಿನಲ್ಲಿದ್ದ ನನ್ನ ಕಡೆ ತಿರುಗಿದವು. ಕೊನೆಗೆ ಒಬ್ಬ ಬಾಯಿ ಬಿಟ್ಟ: "ಅಣ್ಣ ಹೇಳಿದರು ಸರ್."

ತಪ್ಪು ಆ ಹುಡುಗರದಲ್ಲ. ನನಗೆ ಇಪ್ಪತ್ತಮೂರು ವರ್ಷ, ಯಂತ್ರ ತಿರುಗಬೇಕೆಂಬ ಹುಚ್ಚು ಇತ್ತು. ಕಲಿಸುವುದೆಂದರೆ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಿಲ್ಲುವುದು ಎಂದು ನನಗೆ ಯಾರೂ ಹೇಳಿರಲಿಲ್ಲ. ತಂಡಕ್ಕೊಬ್ಬರನ್ನು ಅಂಟಿಸುವ ಕ್ರಮದ ದೊಡ್ಡ ಅಪಾಯ ಇದೇ. ಬುದ್ಧಿವಂತ ಎಂ.ಟೆಕ್ ವಿದ್ಯಾರ್ಥಿ ಮೂರನೇ ತಿಂಗಳಿಗೆ ತಂಡದ ಐದನೇ ಸದಸ್ಯನಾಗುತ್ತಾನೆ, ನಾಲ್ಕನೇ ತಿಂಗಳಿಗೆ ಮೊದಲನೆಯವನಾಗುತ್ತಾನೆ. ಸೋಮಾರಿ ಎಂ.ಟೆಕ್ ವಿದ್ಯಾರ್ಥಿ ಸಿಕ್ಕಿದ ತಂಡದ ಗತಿ ಬೇರೆಯೇ ಕಥೆ. ಅಲ್ಲಿ ಗೈಡ್ "ಅವನು ನೋಡಿಕೊಳ್ಳುತ್ತಾನೆ" ಎನ್ನುತ್ತಾರೆ, ಅವನು "ಸರ್ ನೋಡಿಕೊಳ್ಳುತ್ತಾರೆ" ಎನ್ನುತ್ತಾನೆ. ಈ ಕ್ರಮವನ್ನೇ ಹಿಡಿಯುವುದಾದರೆ ಸೆಮಿಸ್ಟರಿನ ನಡುವೆ ಒಮ್ಮೆ ಅಣ್ಣಂದಿರನ್ನು ಅದಲುಬದಲು ಮಾಡಿ. ಹೊಸಬ ಬಂದು "ಇದು ಯಾಕೆ ಹೀಗೆ?" ಎಂದಾಗ ತಂಡ ತಾನೇ ವಿವರಿಸಬೇಕಾಗುತ್ತದೆ. ವೈವಾಗೆ ಅದಕ್ಕಿಂತ ಒಳ್ಳೆಯ ತಾಲೀಮು ಇಲ್ಲ.

ಲ್ಯಾಬಿನಲ್ಲಿ ಕೂರುವವರು

ನನ್ನ ಒಲವು ಈ ಕ್ರಮದ ಕಡೆಗೆ, ಅದನ್ನು ಮುಚ್ಚಿಡುವುದಿಲ್ಲ. ಯಾವ ತಂಡಕ್ಕೂ ಯಾರೂ ಅಂಟಿರುವುದಿಲ್ಲ. ವಾರದಲ್ಲಿ ಮೂರು ಮಧ್ಯಾಹ್ನ, ಎರಡೆರಡು ಗಂಟೆ, ಎಂ.ಟೆಕ್ ವಿದ್ಯಾರ್ಥಿಗಳು ಪ್ರಾಜೆಕ್ಟ್ ಲ್ಯಾಬಿನಲ್ಲಿ ಇರುತ್ತಾರೆ. ತೊಡಕು ಇರುವ ತಂಡ ತನ್ನ ಸಾಮಾನು ಹೊತ್ತುಕೊಂಡು ಅಲ್ಲಿಗೆ ಬರುತ್ತದೆ, ಆಸ್ಪತ್ರೆಯ ಹೊರರೋಗಿ ವಿಭಾಗದ ಹಾಗೆ. ಮೂವರು ತಲಾ 6 ಗಂಟೆ ಕೂತರೆ ಒಟ್ಟು 18 ಗಂಟೆ. 15 ತಂಡಕ್ಕೆ ಹಂಚಿದರೆ ಒಂದೊಂದಕ್ಕೆ ಒಂದು ಗಂಟೆಗೂ ಹೆಚ್ಚು. ಎಲ್ಲ ತಂಡವೂ ಪ್ರತಿ ವಾರ ಬರುವುದಿಲ್ಲವಾದ್ದರಿಂದ ನಿಜಕ್ಕೂ ಕಷ್ಟದಲ್ಲಿರುವವರಿಗೆ ಇನ್ನೂ ಹೆಚ್ಚು ಹೊತ್ತು ಸಿಗುತ್ತದೆ.

ಒಂದು ಫೆಬ್ರುವರಿ ಮಧ್ಯಾಹ್ನದ ಸಂಗತಿ ಹೇಳಬೇಕು. ಹೊರಗೆ ಜಿಲ್ಲೆಯ ಅರ್ಧಕ್ಕರ್ಧ ಕಣಗಳಲ್ಲಿ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು, ಹರಡಿದ್ದ ಕಾಲ. ನಮ್ಮ ಒಂದು ತಂಡ ಕಾಫಿ ಎಷ್ಟು ಒಣಗಿದೆ ಎಂದು ಕಣದಲ್ಲೇ ಹೇಳುವ ಸಣ್ಣ ಉಪಕರಣ ಮಾಡುತ್ತಿತ್ತು. ಬೆಳೆಗಾರನಿಗೆ ಇದು ದುಡ್ಡಿನ ಪ್ರಶ್ನೆ. ಚೆರಿಯನ್ನು ಸುಮಾರು ಶೇ. 11 ತೇವಕ್ಕೆ ಇಳಿಸಬೇಕು. ಹೆಚ್ಚು ಒದ್ದೆ ಇದ್ದರೆ ವ್ಯಾಪಾರಿ ತೂಕ ಕಡಿಯುತ್ತಾನೆ, ಬೂಸ್ಟು ಹಿಡಿಯುವ ಭಯ ಬೇರೆ. ಹೆಚ್ಚು ಒಣಗಿದರೆ ತನ್ನದೇ ತೂಕ ಬಿಸಿಲಿಗೆ ಹೋಯಿತು. ನಮ್ಮ ಹಿರಿಯರು ಒಂದು ಹಿಡಿ ಚೆರಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಬೀಜದ ಗಲಗಲ ಸದ್ದು ಕೇಳಿ ಹೇಳಿಬಿಡುತ್ತಾರೆ. ಹುಡುಗರು ಆ ಕಿವಿಯ ಬದಲಿಗೆ ಮಣ್ಣಿನ ತೇವ ಅಳೆಯುವ ಕೆಪ್ಯಾಸಿಟಿವ್ ಸಂವೇದಕವನ್ನು ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿ ರಾಶಿಯೊಳಗೆ ಚುಚ್ಚಿದ್ದರು. ಅಂಕಿ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಎರಡು ವಾರದಿಂದ ಕೋಡ್ ತಿದ್ದುತ್ತಿದ್ದರು, ಸರಾಸರಿ ತೆಗೆಯುತ್ತಿದ್ದರು, ಸಂವೇದಕವೇ ಕಳಪೆ ಎಂದು ಹೊಸದನ್ನು ತರಿಸಿದ್ದರು.

ಅಂದು ಕೂತಿದ್ದವಳು ಎಂ.ಟೆಕ್ ಎರಡನೇ ವರ್ಷದ ಹುಡುಗಿ. ಲ್ಯಾಪ್‌ಟಾಪ್ ಕಡೆ ನೋಡಲೇ ಇಲ್ಲ. ನೀರು ಕುಡಿಯುವ ಸ್ಟೀಲ್ ಲೋಟ ತಂದು, ಅದರ ತುಂಬ ಚೆರಿ ತುಂಬಿ, ಸಂವೇದಕ ಚುಚ್ಚಿಸಿ, ಅಂಕಿ ಬರೆದುಕೊಳ್ಳಿ ಎಂದಳು. ಬರೆದುಕೊಂಡರು. ಆಮೇಲೆ ಲೋಟವನ್ನು ಮೇಜಿನ ಮೇಲೆ ಠಕ್ ಠಕ್ ಎಂದು ನಾಲ್ಕು ಸಲ ಕುಟ್ಟಿದಳು. ಚೆರಿ ಅರ್ಧ ಬೆರಳಷ್ಟು ಕೆಳಗಿಳಿಯಿತು. "ಈಗ ಓದಿ." ಅಂಕಿ ಬೇರೆ ಬಂತು. "ಈಗ ಚೆರಿಗೆ ನೀರು ಬಿತ್ತೇ?" ಎಂದು ಕೇಳಿ ಸುಮ್ಮನಾದಳು.

ಆ ಸುಮ್ಮನಿರುವಿಕೆ ಒಂದು ನಿಮಿಷಕ್ಕೂ ಹೆಚ್ಚು ಇತ್ತು. ನಾನು ಬಾಗಿಲ ಬಳಿ ನಿಂತಿದ್ದೆ, ನನಗೇ ತಡೆಯಲಾಗಲಿಲ್ಲ, ಉತ್ತರ ಹೇಳಿಬಿಡಬೇಕೆನ್ನಿಸಿತು. ಕೊನೆಗೆ ಸಿದ್ದಾಪುರ ಕಡೆಯ ಹುಡುಗ ಹೇಳಿದ: "ಅಕ್ಕ, ಇದು ತೇವ ಮಾತ್ರ ಅಳೆಯುತ್ತಿಲ್ಲ, ಎಷ್ಟು ಒತ್ತಾಗಿ ತುಂಬಿದೆ ಎಂಬುದನ್ನೂ ಅಳೆಯುತ್ತಿದೆ." ಅಲ್ಲಿಂದ ಮುಂದಿನ ದಾರಿ ಅವರಿಗೆ ತಾನಾಗಿ ತೆರೆಯಿತು. ಗೊತ್ತಾದ ಗಾತ್ರದ ಡಬ್ಬಿ, ಒಂದೇ ರೀತಿ ತುಂಬುವ ವಿಧಾನ, ಜೊತೆಗೆ ತೂಕ. ಅದೇ ಹುಡುಗನಿಗೆ ಆಗ ಮನೆಯ ನೆನಪಾಯಿತು. 40 ಲೀಟರಿನ ಫೋರ್ಲಿಟ್ ಅಳತೆಯಲ್ಲಿ ಕಾಫಿ ತುಂಬಿ, ಅದರ ತೂಕದಿಂದ ಒಣಗಿದ ಮಟ್ಟ ನೋಡುವ ಪದ್ಧತಿ ಕಾಫಿ ಮಂಡಳಿಯ ಸಲಹೆಯಲ್ಲಿ ಎಂದಿನಿಂದಲೂ ಇದೆ. ಅಜ್ಜನ ಕಾಲದ ಅಳತೆ ಪೆಟ್ಟಿಗೆಯೂ ಆರ್ಡುಯಿನೋ ಕೂಡ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿವೆ ಎಂದು ಅವನಿಗೆ ಹೊಳೆದ ಕ್ಷಣವನ್ನು ಅಂಕ ಹಂಚುವ ಯಾವ ರುಬ್ರಿಕ್ ಪಟ್ಟಿಯಲ್ಲಿ ಯಾವ ಅಂಕಕ್ಕೆ ಸೇರಿಸಬೇಕೋ ನನಗೆ ಇಂದಿಗೂ ತಿಳಿದಿಲ್ಲ.

ಇದನ್ನು ಗೈಡ್ ಮಾಡಬಹುದಿತ್ತಲ್ಲ ಎನ್ನಬಹುದು. ಮಾಡಬಹುದಿತ್ತು. ಆದರೆ ಗೈಡ್ ಮುಂದೆ ಹುಡುಗರು ಅಂಕಿ ಕುಣಿಯುವುದನ್ನು ಎರಡು ವಾರ ಮುಚ್ಚಿಟ್ಟಿದ್ದರು. ಪರಿಶೀಲನೆಯಲ್ಲಿ ಅಂಕ ಹೋಗುತ್ತದೆಂಬ ಭಯ. ಅಕ್ಕನ ಮುಂದೆ ಆ ಭಯವಿಲ್ಲ. ಆಕೆ ಹೋದ ವರ್ಷವಷ್ಟೇ ಇಂಥದೇ ಸಂವೇದಕದ ಜೊತೆ ತಾನೂ ಒದ್ದಾಡಿದವಳು, ಆ ಒದ್ದಾಟ ಇನ್ನೂ ಹಸಿಯಾಗಿದೆ. ನನಗೆ ಬ್ರೆಡ್‌ಬೋರ್ಡಿನ ಸಡಿಲ ತಂತಿಯ ಸಿಟ್ಟು ಮರೆತು ಹದಿನೈದು ವರ್ಷವಾಯಿತು.

ಈ ಕ್ರಮಕ್ಕೂ ತೊಡಕುಗಳಿವೆ. ನಿಜವಾಗಿ ಮುಳುಗುತ್ತಿರುವ ತಂಡ ತಾನಾಗಿ ಬರುವುದಿಲ್ಲ, ಬರುವವರು ಚುರುಕಿನವರೇ. ಆದ್ದರಿಂದ ತಿಂಗಳಿಗೆ ಒಮ್ಮೆಯಾದರೂ ಪ್ರತಿ ತಂಡ ಬರಲೇಬೇಕೆಂದು ಇಡಬೇಕು. ಎರಡನೆಯದು ಬೀಗದ ಕೈ. ಎಂ.ಟೆಕ್ ವಿದ್ಯಾರ್ಥಿ ಕಾಲೇಜಿನ ನೌಕರ ಅಲ್ಲ. ಲೇತ್ ಮುಂದೆ ಯಾರದ್ದೋ ದುಪಟ್ಟಾ ಸಿಕ್ಕಿಕೊಂಡರೆ ಅವನು ಹೊಣೆ ಹೊರಲಾರ, ಹೊರಬಾರದು. ಎಲೆಕ್ಟ್ರಾನಿಕ್ಸ್ ಮೇಜು, ಕಂಪ್ಯೂಟರ್, 3ಡಿ ಪ್ರಿಂಟರ್ ಇರುವ ಕೋಣೆ ಅವನ ವಶಕ್ಕೆ ಇರಲಿ. ತಿರುಗುವ ಯಂತ್ರ, ವೆಲ್ಡಿಂಗ್ ಇರುವ ಕಡೆ ಇನ್‌ಸ್ಟ್ರಕ್ಟರ್ ಇಲ್ಲದೆ ಬಾಗಿಲು ತೆರೆಯಬೇಡಿ. ಮೂರನೆಯದು ನಮ್ಮ ಊರಿನ ಕರೆಂಟು. ತೇವದ ನಿಜವಾದ ಅಂಕಿ ಬೇಕಾದರೆ ಮಾದರಿಯನ್ನು 105 ಡಿಗ್ರಿ ಓವನ್ನಿನಲ್ಲಿ ರಾತ್ರಿಯಿಡೀ ಒಣಗಿಸಿ ತೂಗಬೇಕು. ಆ ತಂಡದ ಮೊದಲ ಮಾದರಿ ನಡುರಾತ್ರಿ ಕರೆಂಟು ಹೋಗಿ ವ್ಯರ್ಥವಾಯಿತು, ಜನರೇಟರನ್ನು ಸಂಜೆಗೇ ನಿಲ್ಲಿಸಿದ್ದರು. ಎರಡನೇ ಸಲ ಅಕ್ಕ ತನ್ನ ಪ್ರಯೋಗದ ಮಾದರಿಗಳ ಜೊತೆಗೆ ಅವರ ಡಬ್ಬಿಯನ್ನೂ ಇಟ್ಟು, ಓವನ್ನಿಗೆ ಜನರೇಟರ್ ಬೇಕೆಂದು ತನ್ನ ಹೆಸರಿನಲ್ಲೇ ಪತ್ರ ಬರೆದಳು.

ಪ್ರಬಂಧದ ನೆರಳಿನಲ್ಲಿ ಪ್ರಾಜೆಕ್ಟ್

ಎಂ.ಟೆಕ್ ಅಥವಾ ಪಿಎಚ್.ಡಿ. ವಿದ್ಯಾರ್ಥಿಯ ಸಂಶೋಧನೆಯ ತುಂಡುಗಳನ್ನೇ ಬಿ.ಇ. ತಂಡಗಳಿಗೆ ಹಂಚುವುದು ಇನ್ನೊಂದು ಕ್ರಮ. ದೊಡ್ಡ ಸಂಸ್ಥೆಗಳಲ್ಲಿ ಇದು ಸಾಮಾನ್ಯ. ಉಪಕರಣ ಇದೆ, ಹಣ ಇದೆ, ವಿಷಯ ತಿಳಿದವರು ಪಕ್ಕದಲ್ಲೇ ಇದ್ದಾರೆ. ಆದರೆ ಪ್ರಬಂಧಕ್ಕೆ ಗಡುವು ಇರುತ್ತದೆ, ಆ ಗಡುವು ಬಿ.ಇ. ಮಕ್ಕಳ ಕಲಿಕೆಗಾಗಿ ಕಾಯುವುದಿಲ್ಲ. ಸಮಸ್ಯೆ ಏನೆಂದು ತೀರ್ಮಾನಿಸುವ ಕೆಲಸ ಮೊದಲೇ ಮುಗಿದಿರುತ್ತದೆ, ಪರ್ಯಾಯಗಳನ್ನು ತೂಗಿ ನೋಡುವ ಕೆಲಸವೂ ಮುಗಿದಿರುತ್ತದೆ. ಮಕ್ಕಳಿಗೆ ಉಳಿಯುವುದು ದತ್ತಾಂಶ ತುಂಬಿಸುವುದು, ಬೆಸುಗೆ ಹಾಕುವುದು. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯನಾದ ಮೇಲೆ ಎನ್‌ಬಿಎ ಕಡತಗಳಲ್ಲಿ ವಿನ್ಯಾಸ ಸಾಮರ್ಥ್ಯ ಎಂಬ ಫಲಿತಾಂಶಕ್ಕೆ ನಾವೆಲ್ಲ ಪುಟಗಟ್ಟಲೆ ಪುರಾವೆ ಜೋಡಿಸುತ್ತೇವೆ. ಹೀಗೆ ಮಾಡಿದ ಪ್ರಾಜೆಕ್ಟ್ ಆ ಪುರಾವೆಯಲ್ಲಿ ಸೇರುವುದಿಲ್ಲ, ಸೇರಿಸಿದರೆ ಅದು ಸುಳ್ಳು.

ಹೀಗೆಲ್ಲ ಬೈದರೂ ಒಂದು ಬಗೆಯ ಸಮಸ್ಯೆಗೆ ನಾನು ಈ ಕ್ರಮವನ್ನೇ ಆರಿಸುತ್ತೇನೆ, ಅದಕ್ಕೆ ಕಾರಣ ನಮ್ಮ ಮಳೆ. 2018ರ ಆಗಸ್ಟಿನ ಭೂಕುಸಿತದ ನಂತರ ಪ್ರತಿ ವರ್ಷ ಒಂದೆರಡು ತಂಡಗಳು ಗುಡ್ಡದ ಇಳಿಜಾರು ಸರಿಯುವುದನ್ನು ಮುಂಚಿತವಾಗಿ ಹೇಳುವ ಸಾಧನ ಮಾಡುತ್ತೇವೆಂದು ಬರುತ್ತವೆ. ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ಮುಂಗಾರು ಇಳಿಮುಖವಾಗಿರುತ್ತದೆ, ಮುಗಿಯುವುದು ಮುಂದಿನ ಮುಂಗಾರಿಗೆ ಮುಂಚೆ. ಅಂದರೆ ಆ ಸಾಧನ ಕೊಡಗಿನ ಮಳೆಯ ಮುಖವನ್ನೇ ನೋಡುವುದಿಲ್ಲ. ಬಕೆಟ್ಟಿನಲ್ಲಿ ನೀರು ಸುರಿದು, ಹಲಗೆಯನ್ನು ಓರೆ ಮಾಡಿ ತೋರಿಸಿ ಅಂಕ ಪಡೆದು ಹೋಗುತ್ತಾರೆ. ಮರುವರ್ಷ ಇನ್ನೊಂದು ತಂಡ ಸೊನ್ನೆಯಿಂದ ಆರಂಭ. ಎರಡು ವರ್ಷ ಇರುವ ಎಂ.ಟೆಕ್ ವಿದ್ಯಾರ್ಥಿ ಅಥವಾ ನಾಲ್ಕು ವರ್ಷ ಇರುವ ಪಿಎಚ್.ಡಿ. ವಿದ್ಯಾರ್ಥಿ ನಡುವೆ ಇದ್ದರೆ ಈ ವರ್ಷದವರು ಮಾಡಿದ್ದನ್ನು ಜೂನ್‌ನಲ್ಲಿ ಇಳಿಜಾರಿನಲ್ಲಿ ಹುಗಿದು, ಸೆಪ್ಟೆಂಬರಿನಲ್ಲಿ ಕಿತ್ತು, ನೀರು ಎಲ್ಲಿ ಒಳನುಗ್ಗಿದೆ, ಇರುವೆ ಎಲ್ಲಿ ಗೂಡು ಕಟ್ಟಿದೆ ಎಂದು ಮುಂದಿನ ತಂಡಕ್ಕೆ ಕೊಡಬಹುದು. ಆ ತುಕ್ಕು ಹಿಡಿದ ಪೆಟ್ಟಿಗೆಗಿಂತ ಒಳ್ಳೆಯ ಪಠ್ಯಪುಸ್ತಕ ವಿನ್ಯಾಸಕ್ಕೆ ಬೇಕೇ? ಷರತ್ತು ಒಂದೇ: ತಂಡಕ್ಕೆ ತನ್ನದೇ ಆದ ಒಂದು ತೀರ್ಮಾನವಾದರೂ ಉಳಿದಿರಬೇಕು. ಪೆಟ್ಟಿಗೆಯ ಆಕಾರ, ವಿದ್ಯುತ್ ಮೂಲ, ಯಾವುದೇ ಆಗಲಿ.

ಹೊರಗಿನಿಂದ ಬರುವವರು

ನಿಮ್ಮ ವಿಭಾಗದಲ್ಲಿ ಎಂ.ಟೆಕ್ ಇಲ್ಲದಿದ್ದರೆ? ಮೊದಲು ಎಲ್ಲರೂ ಮೈಸೂರು ಅಥವಾ ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆಗಳ ಕಡೆ ನೋಡುತ್ತಾರೆ. ಕುಶಾಲನಗರದಿಂದ ಮೈಸೂರಿಗೆ 90 ಕಿಲೋಮೀಟರಿನ ಆಸುಪಾಸು, ವಾರಕ್ಕೊಮ್ಮೆ ಬರುವುದು ಅಸಾಧ್ಯವೇನಲ್ಲ, ಆದರೆ ಮೂರನೇ ವಾರಕ್ಕೆ ಉತ್ಸಾಹ ಇಳಿಯುತ್ತದೆ. ಸುರತ್ಕಲ್‌ನಿಂದ ಸಂಪಾಜೆ ಘಾಟಿ ಹತ್ತಿ ಬರಬೇಕು, ಮಳೆಗಾಲದಲ್ಲಿ ಆ ರಸ್ತೆಯ ಭರವಸೆ ಯಾರೂ ಕೊಡುವುದಿಲ್ಲ. ವಿಡಿಯೋ ಕರೆಯಲ್ಲಿ ಚಿತ್ರ ತಿದ್ದಬಹುದು, ಲೆಕ್ಕ ನೋಡಬಹುದು. ಲೋಟ ಕುಟ್ಟುವುದು ಆಗುವುದಿಲ್ಲ. ಹೊರಗಿನವರನ್ನು ಸೆಮಿಸ್ಟರಿಗೆ ಎರಡು ಇಡೀ ದಿನ ಕರೆಸಿ, ಊಟ ಹಾಕಿ, ಎಲ್ಲ ತಂಡಗಳ ಮುಂದೆ ಕೂರಿಸಿ. ಪ್ರತಿ ವಾರದ ಆನ್‌ಲೈನ್ ಭೇಟಿಗಿಂತ ಅದು ಮೇಲು.

ಎಂಜಿನಿಯರಿಂಗ್ ಬಿಟ್ಟು ಬೇರೆ ಕಡೆ ನೋಡುವವರು ಕಡಿಮೆ. ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯ ಇದೆ, ಅಲ್ಲಿ ಅರಣ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಓದುವವರಿದ್ದಾರೆ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ಇದೆ, ತೋಟಗಾರಿಕೆಯ ಪ್ರಯೋಗ ಕೇಂದ್ರವೂ ಇದೆ. ನಮ್ಮ ಮಕ್ಕಳ ಪ್ರಾಜೆಕ್ಟ್ ಪಟ್ಟಿ ತೆಗೆದರೆ ಆನೆ, ಕಾಫಿ, ಕರಿಮೆಣಸು, ಕಿತ್ತಳೆ ಇವೇ ಅರ್ಧ. ಆನೆ ಬಂದರೆ ಸೈರನ್ ಕೂಗುವ ಸಾಧನ ಪ್ರತಿ ವರ್ಷ ಕನಿಷ್ಠ ಒಂದು ಇದ್ದೇ ಇರುತ್ತದೆ. ನಮ್ಮವರ ಕಣ್ಣಿಗೆ ಆನೆ ಎಂದರೆ ಬೆಳಕಿನ ಕಿರಣವನ್ನು ಅಡ್ಡಗಟ್ಟುವ ದೊಡ್ಡ ವಸ್ತು. ಕಾಡು ಓದಿದವರು ಒಂದೇ ಪ್ರಶ್ನೆ ಕೇಳುತ್ತಾರೆ: "ಸದ್ದು ಆನೆಗೆ ಅಭ್ಯಾಸವಾದ ಮೇಲೆ ಏನು ಮಾಡುತ್ತೀರಿ?" ಸೋಲಾರ್ ಬೇಲಿಯ ಮೇಲೆ ಮರ ಕೆಡವಿ ದಾಟುವ ಪ್ರಾಣಿಯ ಮುಂದೆ ಸೈರನ್ ಎಷ್ಟು ದಿನ ನಡೆದೀತು? ಹಲಸು ಹಣ್ಣಾಗುವ ಕಾಲಕ್ಕೂ ತೋಟದೊಳಗೆ ಆನೆ ನುಗ್ಗುವುದಕ್ಕೂ ಇರುವ ನಂಟು ತಿಳಿದವರಿಗೆ ಮೊದಲ ದಿನವೇ ಹೊಳೆಯುವ ಮಾತುಗಳಿವು. ಇಂಥವರು ಸರ್ಕ್ಯೂಟ್ ತಿಳಿಯದಿದ್ದರೂ ಸರಿ. ಮೊದಲ ಐದು ವಾರ, ಸಮಸ್ಯೆ ಏನೆಂದು ಬರೆಯುವ ಹಂತದಲ್ಲಿ, ಅವರ ಎರಡು ಗಂಟೆ ನಮ್ಮ ಎಂ.ಟೆಕ್‌ನವರ ಹತ್ತು ಗಂಟೆಗೆ ಸಮ.

ಅಂಕದ ಮಾತು

ಎರಡನೇ ವರ್ಷ ನಾನು ಒಂದು ಎಡವಟ್ಟು ಮಾಡಿದೆ. ಲ್ಯಾಬಿನಲ್ಲಿ ಕೂರುವವರಿಗೆ ತಂಡಗಳ ಬಗ್ಗೆ ಚೆನ್ನಾಗಿ ಗೊತ್ತು, ಪರಿಶೀಲನೆಯಲ್ಲಿ ಅವರೂ 10 ಅಂಕ ಕೊಡಲಿ ಎಂದುಕೊಂಡೆ. ಮುಂದಿನ ಸೋಮವಾರವೇ ಬದಲಾವಣೆ ಕಿವಿಗೆ ಬಿತ್ತು. ಅಲ್ಲಿಯವರೆಗೆ "ಅಕ್ಕ, ಇದು ಉರಿಯುತ್ತಿಲ್ಲ" ಎಂದು ಬರುತ್ತಿದ್ದವರು "ಗುಡ್ ಆಫ್ಟರ್‌ನೂನ್ ಮೇಡಂ, ಎಲ್ಲ ಸರಿಯಾಗಿದೆ" ಎನ್ನತೊಡಗಿದರು. ಕೆಟ್ಟಿರುವ ಬೋರ್ಡು ಚೀಲದೊಳಗೆ, ಕೆಲಸ ಮಾಡುವ ಬೋರ್ಡು ಮೇಜಿನ ಮೇಲೆ. 10 ಅಂಕಕ್ಕೆ ಇಡೀ ವ್ಯವಸ್ಥೆಯನ್ನು ಮಾರಿಕೊಂಡಂತಾಯಿತು. ಮರುಸೆಮಿಸ್ಟರಿಗೆ ಅಂಕ ಕಿತ್ತುಹಾಕಿದೆ, ಆದರೂ "ಅಕ್ಕ" ಹಿಂದಿರುಗಲು ಅರ್ಧ ಸೆಮಿಸ್ಟರ್ ಹಿಡಿಯಿತು.

ಎಂ.ಟೆಕ್ ವಿದ್ಯಾರ್ಥಿಗೆ ಅಂಕ ಕೊಡುವ ಅಧಿಕಾರ ಬೇಡ. ಶಿಫಾರಸು ಮಾಡುವ ಅಧಿಕಾರವೂ ಬೇಡ. ಗೈಡ್‌ಗೆ ಗುಟ್ಟಾಗಿ ವರದಿ ಒಪ್ಪಿಸುವ ಅಭ್ಯಾಸವಂತೂ ಬೇಡವೇ ಬೇಡ, ಹುಡುಗರಿಗೆ ಅದು ಎರಡೇ ದಿನದಲ್ಲಿ ತಿಳಿಯುತ್ತದೆ. ಅಪಾಯದ ಸಂಗತಿ ಇದ್ದರೆ ಮಾತ್ರ ನೇರವಾಗಿ ಹೇಳಲಿ: ಬ್ಯಾಟರಿ ಊದಿಕೊಂಡಿದೆ, ಹಣ ಕೊಟ್ಟು ಮಾಡಿಸುತ್ತಿದ್ದಾರೆ, ತಂಡದೊಳಗೆ ಒಬ್ಬಳನ್ನು ದೂರವಿಟ್ಟಿದ್ದಾರೆ ಎಂಬಂಥವು.

ಹಾಗಾದರೆ ಯಾವುದು?

ವಿಭಾಗದಲ್ಲಿ ಇಬ್ಬರೇ ಎಂ.ಟೆಕ್ ವಿದ್ಯಾರ್ಥಿಗಳಿದ್ದರೂ ಲ್ಯಾಬಿನಲ್ಲಿ ಕೂರುವ ಕ್ರಮ ನಡೆಯುತ್ತದೆ, ತಂಡಕ್ಕೊಬ್ಬರನ್ನು ಕೊಡುವ ಕ್ರಮ ನಡೆಯುವುದಿಲ್ಲ. ಒಬ್ಬರೂ ಇಲ್ಲದಿದ್ದರೆ ಸಮಸ್ಯೆ ಬರೆಯುವ ಹಂತಕ್ಕೆ ಅರಣ್ಯ, ಕೃಷಿ ಓದುವವರನ್ನು ಕರೆಸಿ, ಕಟ್ಟುವ ಹಂತಕ್ಕೆ ನಿಮ್ಮದೇ ಹಳೆಯ ವಿದ್ಯಾರ್ಥಿಗಳಲ್ಲಿ ಕೈಚಳಕ ಇರುವವರನ್ನು ಹುಡುಕಿ. ಪಿಎಚ್.ಡಿ. ಕೇಂದ್ರ ಇರುವ ಕಾಲೇಜು ಮಳೆ, ಇಳಿಜಾರು, ಕಾಡುಪ್ರಾಣಿಯಂಥ ವರ್ಷ ದಾಟುವ ವಿಷಯಗಳಿಗೆ ಮಾತ್ರ ಪ್ರಬಂಧದ ನೆರಳನ್ನು ಬಳಸಲಿ, ಉಳಿದವಕ್ಕೆ ಬೇಡ. ಮೊದಲ ವರ್ಷದ ಮಕ್ಕಳ ಸಣ್ಣ ವಿನ್ಯಾಸ ಕೆಲಸಕ್ಕೆ ಮಾತ್ರ ತಂಡಕ್ಕೊಬ್ಬ ಅಣ್ಣ ಒಳ್ಳೆಯದೇ. ಅಲ್ಲಿ ನಂಟು ಮುಖ್ಯ, ಯಂತ್ರ ತಿರುಗದಿದ್ದರೂ ಯಾರಿಗೂ ನಷ್ಟವಿಲ್ಲ.

ಹಣದ ವಿಚಾರಕ್ಕೆ ಬಂದರೆ, ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ನಡೆಸಿಕೊಂಡು ಬಂದಿರುವ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೆ ಅರ್ಜಿ ಹಾಕಿ. ಆ ಅರ್ಜಿ ಬರೆಯುವಾಗ ಎಂ.ಟೆಕ್‌ನವರನ್ನು ಪಕ್ಕದಲ್ಲಿ ಕೂರಿಸಿ. ಸಮಸ್ಯೆಯನ್ನು ಎರಡು ಪುಟದಲ್ಲಿ ಹೇಳಲು ಬಾರದ ತಂಡ ಯಾವುದೆಂದು ಆಗಲೇ ಗೊತ್ತಾಗುತ್ತದೆ.

ತರಬೇತಿಗೆ ಒಂದು ದಿನ ಸಾಕು. ಎಂ.ಟೆಕ್ ಮುಗಿಸಿದವನು ನಾಳೆ ಸಹಾಯಕ ಪ್ರಾಧ್ಯಾಪಕನಾಗಬಲ್ಲ, ಎಐಸಿಟಿಇ ನಿಯಮದಲ್ಲಿ ಅರ್ಹತೆ ಅದೇ. ಕಲಿಸುವುದು ಹೇಗೆಂದು ಮಾತ್ರ ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ನಾನು ಆ ದಿನ ಮಾಡಿಸುವುದು ಒಂದೇ ಆಟ. ಹಿಂದಿನ ವರ್ಷದ ಕೆಟ್ಟುಹೋದ ಮಾಡೆಲ್ ಮುಂದಿಟ್ಟು, ಇಬ್ಬರು ಬಿ.ಇ. ಮಕ್ಕಳನ್ನು ಕರೆಸಿ, ಹತ್ತು ನಿಮಿಷ ಮಾಡೆಲನ್ನು ಕೈಯಿಂದ ಮುಟ್ಟದೆ, ಉತ್ತರ ಹೇಳದೆ, ಪ್ರಶ್ನೆ ಮಾತ್ರ ಕೇಳಿ ಎನ್ನುತ್ತೇನೆ. ನಾಲ್ಕನೇ ನಿಮಿಷಕ್ಕೆ ಮುಕ್ಕಾಲುವಾಸಿ ಜನರ ಕೈ ಸ್ಕ್ರೂಡ್ರೈವರ್ ಕಡೆ ಹೋಗುತ್ತದೆ. ಎಲ್ಲರೂ ನಗುತ್ತಾರೆ, ಮತ್ತೆ ಶುರು.

ವೇಳಾಪಟ್ಟಿ ಹಾಕುವಾಗ ಎರಡು ಸಂಗತಿ ನೆನಪಿರಲಿ. ಅಕ್ಟೋಬರಿನ ಕಾವೇರಿ ಸಂಕ್ರಮಣ, ಅದರ ನಂತರದ ಸುಗ್ಗಿ ಹಬ್ಬ ಪುತ್ತರಿ, ಆಮೇಲೆ ಕಾಫಿ ಕುಯ್ಲು. ತೋಟದ ಮನೆಯ ಮಕ್ಕಳೂ ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳೂ ಆ ದಿನಗಳಲ್ಲಿ ಕಾಲೇಜಿಗೆ ಬರುವುದು ಕಷ್ಟ, ಇಬ್ಬರ ಕಾರಣ ಬೇರೆ ಬೇರೆ. ಹಾಜರಾತಿ ತೋರಿಸಿ ಹೆದರಿಸುವ ಬದಲು ಆ ವಾರಗಳಲ್ಲಿ ಲ್ಯಾಬಿನ ಸಾಲನ್ನು ಹಗುರ ಮಾಡಿ. ಇನ್ನೊಂದು, ಸಂಜೆ ಲ್ಯಾಬ್ ಇಡಬೇಡಿ. ಹಾಸ್ಟೆಲಿನವರಿಗೆ ಅನುಕೂಲ, ಸರಿ. ನಾಪೋಕ್ಲು, ಸಿದ್ದಾಪುರ ಕಡೆಯಿಂದ ಬರುವ ಹೆಣ್ಣುಮಕ್ಕಳು ಬಸ್ಸಿಗೆ ಓಡುತ್ತಾರೆ, ಅವರ ತಂಡದ ಪರವಾಗಿ ಪ್ರತಿ ಸಲ ಹಾಸ್ಟೆಲಿನ ಹುಡುಗನೊಬ್ಬನೇ ಬಂದು ಕೂರುತ್ತಾನೆ. ನಮ್ಮ ಲ್ಯಾಬ್ ಎರಡರಿಂದ ನಾಲ್ಕು ಗಂಟೆ.

ಮೇಜಿನ ಮೇಲೆ ಒಂದು ರಿಜಿಸ್ಟರ್ ಇಟ್ಟಿದ್ದೇವೆ, ಕೂರುವವರು ತುಂಬಬೇಕು. ತಂಡದ ಸಂಖ್ಯೆ, ಅವರು ತಂದ ತೊಡಕು, ನೀವು ಕೇಳಿದ ಪ್ರಶ್ನೆ ಎಂದು ಮೂರು ಅಂಕಣ. ನಾಲ್ಕನೆಯದು, "ನೀವು ಕೊಟ್ಟ ಉತ್ತರ" ಎಂಬುದು, ಮೊದಲ ವರ್ಷ ಇತ್ತು, ಈಗ ಇಲ್ಲ. ಆ ಫೆಬ್ರುವರಿಯ ಪುಟದಲ್ಲಿ ಹುಡುಗಿ ಬರೆದದ್ದು ಇಷ್ಟೇ: "ತಂಡ 7. ಅಂಕಿ ನಿಲ್ಲುತ್ತಿಲ್ಲ. ಚೆರಿಗೆ ನೀರು ಬಿತ್ತೇ ಎಂದು ಕೇಳಿದೆ."